ನಲವತ್ತೊಂದು

ಚುಕೋ ಅಂದರೆ ಕುರಿಯ ಹಿಂಗಾಲಿನ ಗಂಟೆಲುಬು.
ಬೇಯಿಸಿ, ತಿಂದು, ಬೂದಿಯಲ್ಲಿ ಉಜ್ಜಿ ಒಣಗಿಸಿದರೆ
ಮಕ್ಕಳ ಆಸ್ತಿ. ನನ್ನವು ನಲವತ್ತೊಂದು.
ಒಂದಕ್ಕೆ ಕೆಂಪು ಬಣ್ಣ. ಆಟದಲ್ಲಿ ಅದೇ ಖಾನ್.

ತಮ್ಮ ಎರ್ಮೆಕ್‌ಗೆ ಆಗ ಮೂರು ವರ್ಷ, ನಾಲ್ಕು ತಿಂಗಳು.
ತಿಂದದ್ದು ನಿಲ್ಲದು. ಮೊದಲು ಹಾಲು ಕಕ್ಕಿದ,
ಆಮೇಲೆ ನೀರು, ಆಮೇಲೆ ಬರೀ ಹಸಿರು,
ಹುಲ್ಲು ಅರೆದು ಹಿಂಡಿದ ಹಾಗೆ.
ರೊಟ್ಟಿ ನಾದುತ್ತಿದ್ದ ಅಜ್ಜಿ
ಹಿಟ್ಟಿನ ಕೈಯಲ್ಲೇ ಅವನ ಹೊಟ್ಟೆ ಒತ್ತಿ ನೋಡಿದಳು.
ಪಕ್ಕೆಲುಬಿನ ಕೆಳಗೆ ಗಟ್ಟಿ.
ನನ್ನ ಕಡೆ ತಿರುಗಿದಳು:
"ಎಲುಬು ನುಂಗಿಸಿದೆಯಾ?"

ಚೀಲ ಸುರಿದು ಎಣಿಸಿದೆ. ನಲವತ್ತು.
ಮತ್ತೆ ಎಣಿಸಿದೆ.
ಖಾನ್ ಇರಲಿಲ್ಲ.

ಹಿಮ ಕರಗದ ದೊಲೊನ್ ಕಣಿವೆ ದಾಟಿ
ಬಿಷ್ಕೆಕ್‌ವರೆಗೆ ಬಾಡಿಗೆ ವ್ಯಾನು.
ನನ್ನನ್ನೂ ಹತ್ತಿಸಿದರು, ಡಾಕ್ಟರು ಕೇಳಿದರೆ
ಹೇಳಲು ಯಾರಾದರೂ ಬೇಕಲ್ಲ.
ಅಪ್ಪ ದಾರಿಯುದ್ದಕ್ಕೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಚಿತ್ರ ತೆಗೆದರು. ಕೊಯ್ದರು. ನಾಲ್ಕು ಗಂಟೆ.
ಸೈರಾಗುಲ್ ಡಾಕ್ಟರು ಟೋಪಿ ಕಳಚುತ್ತ ಹೊರಗೆ ಬಂದು
ಎಲುಬಲ್ಲ ಅಂದರು. ಗಡ್ಡೆ.
ಜಠರದ ಗೋಡೆಯಲ್ಲಿ ತೊಟ್ಟುಬಿಟ್ಟು ಬೆಳೆದು
ಕರುಳಿನ ಬಾಯಿಗೆ ಜಾರಿ, ಜತೆಗೆ ಗೋಡೆಯನ್ನೂ ಎಳೆದು
ದಾರಿ ಕಟ್ಟಿಬಿಟ್ಟಿತ್ತಂತೆ.
ಅದರ ಹೆಸರು ಹೇಳಲು ಅವರೇ
ಕಾಗದ ನೋಡಿಕೊಂಡರು.
ಇಷ್ಟು ವರ್ಷದಲ್ಲಿ ಇದೇ ಮೊದಲು ನೋಡಿದ್ದು, ಅಂದರು.

ಅಮ್ಮ ಗೋಡೆ ಹಿಡಿದು ಜಾರಿ ಕೂತಳು.
ನಾನು ಹಗುರಾದೆ.
ಗಡ್ಡೆ, ಎಲುಬಲ್ಲ! ಒಂಟಿಕಾಲಲ್ಲಿ
ಕುಣಿಯುವಷ್ಟು ಹಗುರ.
ಹತ್ತು ವರ್ಷದ ಹುಡುಗಿ, ಏನು ಗೊತ್ತು, ಅನ್ನಬಹುದು ನೀವು.
ಗೊತ್ತಿತ್ತು.

ಆಮೇಲೆ ಕಾಯುವುದು. ಮೂಗಲ್ಲಿ ನಳಿಗೆ,
ತುಟಿಗೆ ಒದ್ದೆ ಹತ್ತಿ.
ದಿನಾ ಬೆಳಿಗ್ಗೆ ನರ್ಸಮ್ಮನದು ಒಂದೇ ಪ್ರಶ್ನೆ:
"ಗಾಳಿ ಹೋಯಿತಾ?"
ಇಲ್ಲ ಅಂದರೆ ವಾರ್ಡೆಲ್ಲ ತಲೆ ತಗ್ಗಿಸುವುದು.
ಪಕ್ಕದ ಹಾಸಿಗೆಯ, ಕಾಲು ಮುರಿದ ಹುಡುಗ ಕೂಡ
ಕಿವಿಗೊಟ್ಟು ಮಲಗುತ್ತಿದ್ದ.

ಐದನೇ ರಾತ್ರಿ, ಎಲ್ಲರೂ ನಿದ್ದೆಯಲ್ಲಿದ್ದಾಗ,
ಹಳೇ ಬಾಗಿಲು ಕಿರ್ರೆಂದಂತೆ
ಎರ್ಮೆಕ್ ಹೂಸು ಬಿಟ್ಟ.
ಅಪ್ಪ ಎದ್ದು ನಿಂತ. ಅಮ್ಮ ಬಾಯಿಗೆ ಸೆರಗೊತ್ತಿ
ನಕ್ಕಳೋ ಅತ್ತಳೋ.
ಕಾಲು ಮುರಿದವನು ಚಪ್ಪಾಳೆ ತಟ್ಟಿದ.

ಅಜ್ಜಿಗೆ ಫೋನು ಮಾಡಿದೆವು.
"ಜೋರಾಗಿತ್ತಾ?" ಕೇಳಿದಳು.
ಜೋರಾಗಿತ್ತು ಅಂದೆ.
ಆಚೆ ತುಸು ಹೊತ್ತು ಸದ್ದಿಲ್ಲ. ಆಮೇಲೆ,
"ನಿನ್ನ ಕೆಂಪು ಎಲುಬು ಹಿಟ್ಟಿನ ಡಬ್ಬಿಯಲ್ಲಿತ್ತು,"
ಅಂದು ಫೋನು ಇಟ್ಟಳು.