ಮೂರನೇ ಹಾಡು ಬಿಟ್ಟು

ಗಂಡಸಿ ನಿಂಗಾಜಮ್ಮನ ಹೊಸ ಆಲ್ಬಂ ಬಂದು
ಹದಿನಾಲ್ಕು ದಿನ.
ಅರಸೀಕೆರೆಯಲ್ಲೀಗ ಎರಡು ಪಕ್ಷ.

ಸ್ಟೇಷನ್ ರಸ್ತೆಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ.
ಇಪ್ಪತ್ತಾರು ವರ್ಷ ಆಕೆಯ ದನಿಗೆ
ವೈರು ಎಳೆದವನು ನಾನು.
ಬೇಸ್ ಎಷ್ಟು ಬೇಕು, ಎಕೋ ಎಷ್ಟು ಬೇಡ,
ಬೆರಳಿಗೇ ಗೊತ್ತು.
ಅದಕ್ಕೇ ಎಲ್ಲರೂ ನನ್ನ ಜಗಲಿಗೆ ಬಂದು
ತೀರ್ಪು ಕೇಳುತ್ತಾರೆ,
ಕೇಳುವ ಮೊದಲೇ ತಮ್ಮದನ್ನು ಕೊಟ್ಟುಬಿಡುತ್ತಾರೆ.

‘ಏಕತಾರಿ ಎಲ್ಲೋಯ್ತಣ್ಣ?’ ಸಲೂನಿನ ಮುನಿರಂಗ,
ಗಿರಾಕಿಯ ಅರ್ಧ ಗಡ್ಡ ನೊರೆಯಲ್ಲೇ ಬಿಟ್ಟು ಬಂದವನು.
‘ಕರೆಂಟು ಗಿಟಾರಂತೆ!
ಸಾಮಿಲ್ಲಲ್ಲಿ ಹಲಸಿನ ದಿಮ್ಮಿ ಸೀಳ್ದಂಗೆ.
ನಮ್ಮವ್ವ ಸತ್ತ ರಾತ್ರಿ ಈ ಯಮ್ಮನೇ ಹಾಡಿದ್ಲು,
ಕೋಳಿ ಕೂಗೋಗಂಟ, ಬರೀ ಒಂದು ತಂತೀಲಿ.
ಇದನ್ನ ಯಾರ ಸಾವಿಗೆ ಹಾಡ್ಸನ?’

‘ಸಾವಿಗೇ ಯಾಕೆ ಹಾಡ್ಬೇಕು ಅಂಕಲ್?’
ಒಂದು ಕಿವಿಯ ಇಯರ್‌ಫೋನ್ ತೆಗೆದಳು
ಪಾಲಿಟೆಕ್ನಿಕ್ಕಿನ ತಸ್ಮಿಯಾ.
‘ಎರಡನೇ ಹಾಡಲ್ಲಿ ಡ್ರಮ್ಸ್ ಬೀಳುತ್ತಲ್ಲ,
ಅಲ್ಲಿ ನಂಗೆ ಸೆಮಿಸ್ಟರ್ ಫೀಸು, ಮನೆ ಜಗಳ
ಎಲ್ಲಾ ಮರ್ತೋಗುತ್ತೆ.’

ಕೊಬ್ಬರಿ ಮಂಡಿಯ ಸಿದ್ದಬಸಪ್ಪನವರು
ಹಾಡೇ ಕೇಳಿಲ್ಲ.
ಅಭಿಪ್ರಾಯ ಮಾತ್ರ ಇದೆ, ತೂಕವಾದದ್ದು:
‘ಜುಟ್ಟು ಕಿತ್ತ ಕಾಯಿ ಬ್ಯಾಗ ಕೆಡ್ತದೆ.’

ದಮ್ಮಡಿಯ ಕರಿಯಣ್ಣ ಏನೂ ಹೇಳಲಿಲ್ಲ.
ಹತ್ತೊಂಬತ್ತು ವರ್ಷ ಆಕೆಯ ಎಡಕ್ಕೆ ಕೂತವನು.
ಟೀ ಆರಿ ಕೆನೆ ಕಟ್ಟಿತು.
ಅವನ ಬೆರಳು ಮಂಡಿಯ ಮೇಲೆ
ಯಾವುದೋ ಹುಡುಗನ ಡ್ರಮ್ಸನ್ನು
ತಿದ್ದುತ್ತಿದ್ದವು.
ಎದ್ದು ಹೋಗುವಾಗ ಅಂದ,
‘ಕರೆದಿದ್ಲು. ನಾನೇ ಹೋಗ್ಲಿಲ್ಲ.’

ನಾನೋ, ಮೊದಲ ರಾತ್ರಿ ಷಟರ್ ಅರ್ಧ ಇಳಿಸಿ
ಒಬ್ಬನೇ ಕೇಳಿದೆ.
ಒಂದನೆಯದು, ಸರಿ.
ಎರಡನೆಯದರಲ್ಲಿ ಗಿಟಾರು ಮುಂದೆ, ಆಕೆ ಹಿಂದೆ;
ಮಿಕ್ಸಿಂಗ್ ಮಾಡಿದವನ ಕಿವಿ ಹಿಂಡಬೇಕು.
ಮೂರನೆಯದು ದೇವರಾಣೆ ತಡೆಯಲಾಗಲಿಲ್ಲ.
ಪ್ಲಗ್ಗು ಕಿತ್ತೆ.

ಮೊನ್ನೆ ರೈಲ್ವೆ ಕಾಲೊನಿಯ ಮಾರಿಮುತ್ತು ಬಂದ,
ರಿಟೈರಾದ ಗ್ಯಾಂಗ್‌ಮನ್, ಬಲಗಿವಿ ಪೂರ್ತಿ ಕಿವುಡು.
ರಿಪೇರಿಗೆ ಕೊಟ್ಟ ರೇಡಿಯೋ ಕೇಳಲು ಬಂದವನು.
ಐದನೇ ಹಾಡು ಓಡುತ್ತಿತ್ತು.
ಸ್ಪೀಕರಿನ ಡಬ್ಬಕ್ಕೆ ಅಂಗೈ ಒತ್ತಿ ನಿಂತ,
ಎಳೆಗರುವಿನ ಪಕ್ಕೆ ಮುಟ್ಟಿದಂತೆ.

‘ಇದು ಗೂಡ್ಸು,’ ಅಂದ.
‘ಖಾಲಿ ಬೋಗಿ. ಹಾಸನದ ಕಡೆ ಪಾಯಿಂಟು ದಾಟ್ತಾ ಇದೆ.
ಅವರಪ್ಪ ನಮ್ಮ ಗ್ಯಾಂಗಲ್ಲೇ ಇದ್ದದ್ದು.
ಗೇಟು ಪಕ್ಕ ತಗಡು ಮನೆ.
ಆ ಮಗುಗೆ ಜೋಗುಳ ಯಾರು ಹಾಡೋದು?
ಗೂಡ್ಸು ಹೋದ್ರೆ ನಿದ್ದೆ. ನಿಂತ್ರೆ ಅಳು.’

ರೇಡಿಯೋ ಮರೆತೇ ಹೋದ.

ಆಮೇಲೆ ನನಗೆ ಹೊಳೆಯಿತು, ತಡವಾಗಿ.
ಈ ಊರಲ್ಲಿ ಕಾರ್ಯಕ್ರಮ ಅಂದರೆ ನಡುವೆ ರೈಲು ಇದ್ದದ್ದೇ.
ಅರ್ಧ ಸಾಲಲ್ಲಿ ನಿಲ್ಲಿಸುತ್ತಿದ್ದಳು ಆಕೆ.
ಆ ಸದ್ದು ಒಳಗೆ ಬರದಿರಲೆಂದು
ಓಡಿ ಹೋಗಿ ಮೈಕು ತಗ್ಗಿಸುತ್ತಿದ್ದೆ ನಾನು.
ಕಣ್ಣು ಮುಚ್ಚಿ ಕೂತಿರುತ್ತಿದ್ದಳು,
ಕಡೆಯ ಬೋಗಿ ಹೋಗುವ ತನಕ.
ಸಿಟ್ಟು ಅಂದುಕೊಂಡಿದ್ದೆ.

ಇಪ್ಪತ್ತಾರು ವರ್ಷ
ಆಕೆಯ ತಾಳವನ್ನು
ಸೊನ್ನೆಗೆ ತಿರುಗಿಸಿದ ಬೆರಳು ಇದು.

ಮುನಿರಂಗನಿಗೆ ಇದನ್ನೆಲ್ಲ ಹೇಳಿದೆ.
‘ರೈಲು ಕೇಳಕ್ಕೆ ಸ್ಟೇಷನ್ನಿಗೆ ಹೋಗ್ತೀನಿ ಬುಡು,’ ಅಂದ.
ಅದೂ ನ್ಯಾಯವೇ.
ಅವನ ಅವ್ವನ ರಾತ್ರಿಗೆ
ನಾನು ಯಾವ ವಾದ ಹೂಡಲಿ?

ಅಂಗಡಿಯಲ್ಲೀಗ ದಿನಾ ಸಂಜೆ ಹಾಕುತ್ತೇನೆ,
ಒಂದು, ಎರಡು, ಆಮೇಲೆ ನಾಲ್ಕು.
ನಿನ್ನೆ ಧೈರ್ಯ ಮಾಡಿ ಫೋನಲ್ಲಿ ಹೇಳಿಯೇಬಿಟ್ಟೆ:
‘ಅಕ್ಕಾ, ಎಲ್ಲಾ ಸರಿ. ಮೂರನೆಯದು ಹಿಡಿಸ್ಲಿಲ್ಲ.’

ಎಲೆಯಡಿಕೆ ಉಗಿದು ಬಂದಳು.
‘ನಂಗೂ ಹಿಡಿಸಿಲ್ಲ ಕಣಪ್ಪ,’ ಅಂದಳು.
‘ಅದೇ ಜಾಸ್ತಿ ಓಡ್ತಾ ಐತಂತೆ.’