ಆರು-ಬಿ

ರಾತ್ರಿ ಎರಡು ಹದಿನೇಳಕ್ಕೆ ಯಂತ್ರ ಸತ್ತಿತು.
ಸಾಯುವ ಮುಂಚೆ ನೆನಪನ್ನೆಲ್ಲ
ಒಂದು ಕಡತಕ್ಕೆ ಕಕ್ಕಿತ್ತು,
ಅರವತ್ತನಾಲ್ಕು ಜಿಬಿ, ಒಂದೇ ಉಸಿರಿಗೆ.
ಮಹಜರು ಬರೆಯಲು ನಾವಿಬ್ಬರು:
ನಾನು, ಮತ್ತು ಮೃಣ್ಮಯಿ ಗವಂಡೆ.
ಐರೋಲಿಯ ಏಳನೇ ಮಹಡಿ. ಹೊರಗೆ ಖಾಡಿ,
ಇಳಿತದ ಕೆಸರು ವಾಸನೆ ಎಸಿಯೊಳಗೂ.

ಎದುರಿಗೆ ಹದಿನಾರು ಅಂಕೆಗಳ ವಿಳಾಸ,
ಎಫ್ ಎಫ್ ಎಫ್ ಎಫ್ ಎಂದು ತೊದಲುತ್ತ ಶುರುವಾಗಿ
ಸೊನ್ನೆಗಳಲ್ಲಿ ಸುಸ್ತಾಗುವಂಥದ್ದು.
ಅದು ಕರ್ನೆಲ್ ತನಗೆ ತಾನೇ ಹೇಳಿಕೊಂಡದ್ದು;
ಮೆಮೊರಿಯ ಚಿಪ್ಪಿಗೆ ಅದರ ಗಂಧವೂ ಇಲ್ಲ.
ನಡುವೆ ನಾಲ್ಕು ಕೋಷ್ಟಕ.
ಒಂದೊಂದಕ್ಕೂ ಒಂಬತ್ತು ಬಿಟ್ ಕೊಟ್ಟು
ಮುಂದಿನ ಬಾಗಿಲು ಯಾವುದೆಂದು ಕೇಳಬೇಕು.
ಕೇಳಿದೆವು. ಸಿಕ್ಕಿದ್ದು ಕಸ:
ಯಾವುದೋ ಲಾಗಿನ ಬಾಲ, ಅರ್ಧ ಹೆಸರು,
ಖಾಲಿ, ಖಾಲಿ.

"ಪತ್ತಾ ತಪ್ಪಿದೆ," ಅಂದಳು ಮೃಣ್ಮಯಿ.
ಅವಳ ಮರಾಠಿಯಲ್ಲಿ ವಿಳಾಸವೇ ಪತ್ತಾ.
ನಮ್ಮಲ್ಲಿ ಪತ್ತೆ ಅಂದರೆ
ಹುಡುಕಿ ಬೆವರಿದ ಮೇಲಿನ ಮಾತು.

"ಹೆಸರು ಕೂಗು ಮೊದಲು."
ಪ್ರತಿ ಕರ್ನೆಲ್ಲಿನ ಒಡಲಲ್ಲೂ ಅದರ ಹೆಸರಿರುತ್ತದೆ,
ವರ್ಷನ್ನು, ಕಟ್ಟಿದ ತಾರೀಖು, ಸಾದಾ ಅಕ್ಷರದಲ್ಲಿ.
ಆ ಜಾಗಕ್ಕೆ ಹೋಗಿ ಕೂಗಿದಾಗ
ಓ ಅಂದರೆ ನಕಾಶೆ ಸರಿ.
ಕೂಗಿದೆವು.
ಬೆಳಗಾಯಿತು. ಕ್ಯಾಂಟೀನಿನವನು
ನಿನ್ನೆಯ ಪೋಹಾವನ್ನೇ ಬಿಸಿ ಮಾಡುತ್ತಿದ್ದ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಫೋನು,
ಸಿಲಿಂಡರಿನ ಬಬನ್:
"ತಾಈ, ನಲವತ್ಮೂರರಲ್ಲಿ ಸಂಡಾಸು ಇದೆ.
ಗ್ಯಾಸು ಇಲ್ಲೇ ಇಡಲಾ?"

ಕನ್ನಮವಾರ್ ನಗರದ ನಮ್ಮ ಬಿಲ್ಡಿಂಗು
ಹೋದ ದಸರೆಗೆ ನೆಲಕ್ಕೆ ಬಿತ್ತು.
ಈಗ ಎರಡು ಗಲ್ಲಿ ಆಚೆ ತಗಡಿನ ಸಾಲು.
ಅದೇ ನೆರೆ, ಅದೇ ಜಗಳ,
ಎಲ್ಲರ ನಂಬರೂ ಹನ್ನೆರಡು ಮುಂದೆ.
ನನ್ನ ಹತ್ತೊಂಬತ್ತು ಈಗ ಮೂವತ್ತೊಂದು.
ಗ್ಯಾಸ್ ಪುಸ್ತಕದಲ್ಲಿ ಮೊನ್ನೆ ತಿದ್ದಿಸಿದ್ದೆ;
ಅದು ಗೊತ್ತಿಲ್ಲದ ಬಬನ್
ತಾನೂ ಹನ್ನೆರಡು ಕೂಡಿಸಿಕೊಂಡು ಹೋಗಿದ್ದಾನೆ.

ನಗುತ್ತ ಹೇಳುತ್ತಿದ್ದವಳು ನಡುವೆ ಬಾಯಿ ಮುಚ್ಚಿದೆ.
ಎದ್ದಾಗಲೆಲ್ಲ ಕರ್ನೆಲ್ ತನ್ನ ಮನೆಯನ್ನು
ಒಂದಿಷ್ಟು ಸರಿಸಿಕೊಳ್ಳುತ್ತದೆ,
ಕಳ್ಳನಿಗೆ ಗುರುತು ಸಿಗದಿರಲೆಂದು.
ಆ ಸರಿದಷ್ಟನ್ನು ನಾನು ಕೂಡಿಸಿದ್ದೆ,
ಕೈಯಾರೆ, ಎರಡೆರಡು ಸಲ ಪರೀಕ್ಷಿಸಿ.
ನನಗೊಂದು ಮಾತೂ ಹೇಳದೆ
ಉಪಕರಣವೂ ಕೂಡಿಸಿತ್ತು.

ಒಂದು ಸಾಲು ಅಳಿಸಿದೆ.
ಕೂಗಿದೆ.
ಓ ಅಂದಿತು:
ವರ್ಷನ್ನು, ತಾರೀಖು, ಒಂದು ಚುಕ್ಕೆಯೂ ಬಿಡದೆ.
ಮೃಣ್ಮಯಿ ಮೇಜು ಗುದ್ದಿದ ರಭಸಕ್ಕೆ ಪೋಹಾ ಚೆಲ್ಲಿತು.

ಆಮೇಲೆ ದಾರಿ ಸಲೀಸು. ನಾಲ್ಕೂ ಬಾಗಿಲು ತೆರೆದವು.
ಕೊನೆಯ ಕೋಣೆಯಲ್ಲಿ ಇದ್ದದ್ದು:
6b 6b 6b 6b 6b 6b 6b
"ಯಾವ ಸೊಸೈಟಿಯ ಫ್ಲ್ಯಾಟು ಇದು?" ಅಂದಳು.

ಪರೀಕ್ಷೆಗೆಂದು ಇಟ್ಟ ಯಂತ್ರ. ಇಂಥದ್ದರಲ್ಲಿ
ಬಿಟ್ಟುಕೊಟ್ಟ ಜಾಗಕ್ಕೆಲ್ಲ ಕರ್ನೆಲ್ ಆರು-ಬಿ ಬಳಿಯುತ್ತದೆ,
ತುದಿಗೊಂದು a5, ಬೀಗದ ಮೇಲಿನ ಅರಗಿನಂತೆ.
ಹಳೆಯ ವಿಳಾಸ ಜೇಬಲ್ಲಿಟ್ಟುಕೊಂಡು
ಯಾರಾದರೂ ತಿರುಗಿ ಬಂದರೆ
ಅಲ್ಲೇ ಎಡವಲಿ, ಸದ್ದಾಗಲಿ ಅಂತ.
ಯಾವುದೋ ಎಳೆ ಬಂದಿತ್ತು.
ಎಡವಿತ್ತು. ಎರಡು ಹದಿನೇಳಕ್ಕೆ.
ಮನೆ ಖಾಲಿಯಾದದ್ದು ಎರಡು ಹದಿನಾರಕ್ಕೆ;
ಹೋಗುವಾಗ ಯಾರೂ ಒಳಗೆ ಉಳಿದವರನ್ನು ಎಣಿಸಿರಲಿಲ್ಲ.

ವರದಿ ಅವಳು ಬರೆದಳು, ಇಂಗ್ಲಿಷಿನಲ್ಲಿ, ಅರ್ಧ ಪುಟ.
ನಾನು ನನ್ನ ಪುಸ್ತಕದ ಅಂಚಿಗೆ ಗೀಚಿದ್ದು ಇಷ್ಟೇ:
ವಿಳಾಸವಿತ್ತು, ವಾಸವಿರಲಿಲ್ಲ.
ಏನದು ಅಂತ ಕೇಳಿದಳು. ಅನುವಾದ ಆಗಲಿಲ್ಲ.

ಮಧ್ಯಾಹ್ನ ರಿಕ್ಷಾದಲ್ಲಿ ಮನೆ ಕಡೆ.
ಸಿಲಿಂಡರು ಮೂವತ್ತೊಂದರ ಮುಂದೆಯೇ ಇತ್ತು,
ಮೇಲೊಂದು ಬೆಕ್ಕು.
ಕೀಲಿ ಹುಡುಕುತ್ತ ಗೊಂಚಲು ತಿರುಗಿಸಿದೆ;
ಹತ್ತೊಂಬತ್ತರದ್ದೇ ಮೊದಲು ಕೈಗೆ ಬಂತು.
ತೆಗೆದುಬಿಡಬೇಕು ಅದನ್ನು.
ಬಾಗಿಲಿದ್ದ ಕಡೆ ಜೆಸಿಬಿಯೊಂದು ನಿಂತಿದೆ,
ಸೊಂಡಿಲು ನೆಲಕ್ಕೂರಿ.
ನೆರಳಲ್ಲಿ ಡ್ರೈವರು ಊಟ ಬಿಚ್ಚಿದ್ದಾನೆ,
ಸರಿಸುಮಾರು ನಮ್ಮ ಅಡುಗೆಮನೆಯಲ್ಲಿ.