ಬೈ ಟು

ಹೌದು, ಆ ಹಾಡು ನಾನೇ ಬರೆದದ್ದು.
ಆಟೋದ ಬೆನ್ನಿಗೆ, ಮದುವೆ ಕಾರ್ಡಿನ ಮೂಲೆಗೆ,
ಸಾಲಗಾಮೆ ರಸ್ತೆಯ ಜಿಮ್ಮಿನ ಗೋಡೆಗೂ ಹತ್ತಿ ಕೂತಿದೆಯಲ್ಲ,
ಅದೇ ಸಾಲು.
ನಾನು ಬರೆದದ್ದು ಮಾತ್ರ ಹಾಗಲ್ಲ.

'ಅರ್ಧ ಉಳಿಸು ನನಗೆ' ಎಂದು ಬರೆದುಕೊಟ್ಟಿದ್ದೆ,
ಮಂಡಿ ಬಿಲ್ಲಿನ ಹಿಂಬದಿಯಲ್ಲಿ.
ಹಾಡುವವನು ಎಲ್ಲಿಂದಲೋ ವಿಮಾನದಲ್ಲಿ ಬಂದ,
ಕನ್ನಡವನ್ನು ತನ್ನ ಲಿಪಿಯಲ್ಲಿ ಗೀಚಿಕೊಂಡ,
ಧ-ವನ್ನು ಥ ಮಾಡಿ ಹಾಡಿ ಸಂಜೆಗೇ ಹೊರಟುಹೋದ.
ಅರ್ಥ ಉಳಿಸು ನನಗೆ.
ಸಂಗೀತದವರು ಕಣ್ಣು ಮುಚ್ಚಿ ತಲೆದೂಗಿದರು:
'ಏನ್ ಡೆಪ್ತ್ ರೀ ಬೋರಲಿಂಗು!'
ಸ್ಟುಡಿಯೋಗೆ ಗಂಟೆ ಲೆಕ್ಕದ ಬಾಡಿಗೆ.
ಸುಮ್ಮನಿದ್ದೆ.

ಈಗ ಕಂಡಕಂಡವರು ನನಗೇ ಹೇಳುತ್ತಾರೆ ಅದರ ಅರ್ಥ.
ಪಿಯು ಕಾಲೇಜಿನ ಮೇಷ್ಟ್ರಿಗೆ ಅದರಲ್ಲಿ ಅದ್ವೈತ ಕಂಡಿದೆ.
ಆಲೂರಿನ ನರ್ಸೊಬ್ಬಳು,
'ಡೈವೋರ್ಸ್ ಆದ ದಿನ ಕೋರ್ಟಿನ ಮೆಟ್ಟಿಲಲ್ಲಿ
ಯಾರದೋ ಫೋನು ಇದನ್ನೇ ಹಾಡ್ತು ಸಾರ್,
ಇಬ್ಬರಿಗೂ ನಗು ತಡೆಯೋಕೇ ಆಗ್ಲಿಲ್ಲ' ಅಂದಳು.
ಅವರಿಗೆಲ್ಲ ಹೇಗೆ ಹೇಳಲಿ, ಇದು ಟೀ ವಿಷಯ ಅಂತ?

ಜವರ ನನ್ನ ತಮ್ಮ.
ಆಲೂಗಡ್ಡೆ ಮಂಡಿಯಲ್ಲಿ ಅವನು ಮೂಟೆ ಹೊರುತ್ತಿದ್ದ,
ನಾನು ತೂಕ ಬರೆಯುತ್ತಿದ್ದೆ.
ಹತ್ತು ಗಂಟೆಗೆ ಒಂದು ಟೀ, ಒಂದೇ ಲೋಟ,
ಅವನು ಮೊದಲು, ಆಮೇಲೆ ನಾನು.
ಲೋಟದ ಅಂಚಿಗೆ ಅವನ ಹೆಬ್ಬೆರಳಿನ ಕೆಮ್ಮಣ್ಣು.
ನನ್ನ ಪಾಲಿಗೆ ಸಕ್ಕರೆ ಜಾಸ್ತಿ,
ಅದು ತಳದಲ್ಲಿರುತ್ತೆ ಅಂತ ಅವನಿಗೆ ಗೊತ್ತಿತ್ತು.

ಕೆಮ್ಮು ಬಂತು. ಮೂರು ತಿಂಗಳು ಬೀಡಿಯ ಮೇಲೆ ತಪ್ಪು ಹೊರಿಸಿದೆವು.
ಮಾತ್ರೆ ಶುರುವಾದಾಗ ಉಚ್ಚೆ ಕೆಂಪಗಾಗಿ,
'ನೋಡಣ್ಣ, ಫ್ಯಾಂಟಾ' ಎಂದು ಕರೆದು ತೋರಿಸಿ ನಕ್ಕ.
ಅವ್ವ ಅವನ ಲೋಟಕ್ಕೆ
ಮೂಟೆಗೆ ನಂಬರು ಹಾಕುವ ಕೆಂಪು ಬಣ್ಣ ಬಳಿದಳು.

ಆಸ್ಪತ್ರೆಯ ಕಿಟಕಿಯ ಹೊರಗೆ ನಿಂತು
ಫ್ಲಾಸ್ಕಿನಿಂದ ಬಗ್ಗಿಸಿಕೊಳ್ಳುತ್ತಿದ್ದೆ.
ಒಳಗಿಂದ ಅವನು, ತಮಾಷೆಗೇ:
'ಅರ್ಧ ಉಳಿಸಣ್ಣ ನಂಗೆ.'
ಡಾಕ್ಟರು ಹೇಳಿದ್ದರು. ಹೇಳಿದ್ದರು, ನಿಜ.
ಆದರೆ ಅವನ ಮುಖ ನೋಡಿಕೊಂಡೇ
ಪೂರ್ತಿ ಕುಡಿದೆ,
ತಳದ ಸಕ್ಕರೆಯನ್ನು ಬೆರಳಿನಲ್ಲಿ ಬಳಿದು ನೆಕ್ಕಿದೆ.
ಹಾಗೆ ಮಾಡು ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ.

ಆಮೇಲೆ ಅವ್ವ ಆ ಲೋಟವನ್ನು ಬೂದಿ ಹಾಕಿ ಎಷ್ಟೋ ದಿನ ತಿಕ್ಕಿದಳು.

ಮೊನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಹೂವಿನ ಶಾಹೀನಾ ಕೈ ಹಿಡಿದು ಕರೆದೊಯ್ದಳು:
'ನಮ್ಮಮ್ಮಂಗೆ ಲಕ್ವಾ ಹೊಡೆದು ಮಾತು ಹೋಗಿದೆ ಅಂಕಲ್,
ಉರ್ದು, ಕನ್ನಡ ಎರಡೂ.
ನಿಮ್ಮ ಹಾಡು ಹಾಕಿದ್ರೆ ಮಾತ್ರ
ಆ ಒಂದು ಲೈನಿಗೆ ತುಟಿ ಆಡ್ತದೆ.'
ಮೊಬೈಲು ಹಚ್ಚಿದಳು.
ಗೋಡೆಗೊರಗಿದ ಮುದುಕಿ ನನ್ನನ್ನು ನೋಡಲೂ ಇಲ್ಲ.
ಸಾಲು ಬಂತು. ತುಟಿ ಆಡಿತು.

ತುಟಿಯ ಮೇಲೆ ಧ-ವೂ ಥ-ವೂ ಒಂದೇ ಥರ ಕಾಣುತ್ತವೆ.
ಬಗ್ಗಿ ನೋಡಿದೆ, ಇನ್ನೊಂದು ಸಲ ಹಾಕು ಅಂದೆ,
ಮತ್ತೊಂದು ಸಲ.

ಶಾಹೀನಾ ಟೀ ತಂದಿಟ್ಟಳು.
'ಸಕ್ಕರೆ ಜಾಸ್ತಿ ಆಯ್ತೇನೋ?'
ಇಲ್ಲಮ್ಮ, ಅಂದೆ.
ಇನ್ನೂ ತಳ ಮುಟ್ಟಿರಲಿಲ್ಲ.